ಕಿಟಕಿ ಸಾಲಿನ ಹೆಬ್ಬೆಟ್ಟಕ್ಕ

ಟಪ್. ಟಪ್. ಒಂದು ಗಳಿಗೆ ಬಿಡುವು. ಟಪ್.

ಗೋಡೆಯಾಚೆಯಿಂದ ಬರುವ ಆ ಸದ್ದನ್ನು ಕಾರ್ಖಾನೆಯ ಲೆಕ್ಕದ ಕೋಣೆಯಲ್ಲಿ ಕೂತವನು ಬೆಳಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ಕೇಳುತ್ತಿದ್ದ. ಪ್ಯಾಕಿಂಗ್ ಕೋಣೆಯಲ್ಲಿ ನಾಲ್ವರು ಹೆಂಗಸರು ಕನ್ನಡಕದ ಗಾಜುಗಳನ್ನು ಕಾಗದದ ಲಕೋಟೆಗೆ ಇಳಿಸಿ, ಬಾಯಿ ಮಡಚಿ, ಸ್ಟೇಪ್ಲರ್ ಒತ್ತುವ ಸದ್ದು. ಮೂವರದು ಒಂದೇ ಸಮನೆ ಓಡುವ ಟಪಟಪ. ನಾಲ್ಕನೆಯವಳದು ಮಾತ್ರ ಆಗಾಗ ಒಂದು ಉಸಿರಿನಷ್ಟು ತಡ. ಆ ತಡದಲ್ಲಿ ಏನು ನಡೆಯುತ್ತದೆಂದು ಅವನಿಗೆ ಗೊತ್ತಿತ್ತು. ಲಕೋಟೆಗೆ ಹಾಕುವ ಮುಂಚೆ ಅವಳು ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಹಾಗೆ ನೋಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನೋಡುವುದಕ್ಕೆ ಬೇರೆಯವರಿದ್ದರು.

ಅವಳು ಅವನ ಅತ್ತಿಗೆ. ಇಪ್ಪತ್ತಾರು ವರ್ಷ ಗಾಜಿಗೆ ಹೊಳಪು ಕೊಡುವ ಪಾಲಿಶ್ ಹಾಲಿನಲ್ಲಿ, ಕಿಟಕಿ ಪಕ್ಕದ ಚಕ್ರದ ಮುಂದೆ ಕೂತಿದ್ದವಳು. ಎರಡು ವರ್ಷದ ಹಿಂದೆ ಅವಳನ್ನು ಅಲ್ಲಿಂದ ಎಬ್ಬಿಸಿ ಲಕೋಟೆಗಳ ಮುಂದೆ ಕೂರಿಸಿದ್ದು ಒಂದು ಸಂಖ್ಯೆ. ಆ ಸಂಖ್ಯೆಯನ್ನು ಕೊಟ್ಟವನು ಇವನು. ಅದು ತಪ್ಪೆಂದು ಅವನಿಗೆ ತಿಳಿದು ಈಗ ಒಂಬತ್ತು ದಿನವಾಗಿತ್ತು. ಅವಳನ್ನು ಮತ್ತೆ ಆ ಚಕ್ರದ ಮುಂದೆ ಕೂರಿಸದ ಹೊರತು ಅವನಿಗೆ ಉಂಡ ಅನ್ನ ಮೈಗೆ ಹತ್ತುವಂತಿರಲಿಲ್ಲ.

ಅತ್ತಿಗೆ ಮನೆಗೆ ಬಂದಾಗ ಮೈದುನನಿಗೆ ಒಂಬತ್ತು ವರ್ಷ. ತಾಯಿಯಿಲ್ಲದ ಮನೆ. ಅಣ್ಣ ಬಸ್ ಡಿಪೋದಲ್ಲಿ ಟೈರು ಬದಲಿಸುವವನು. ಒಗೆದ ಬಟ್ಟೆಗಳು ಕಪಾಟಿನ ಮುಖ ಕಾಣದೆ ಕುರ್ಚಿಯಿಂದ ಕುರ್ಚಿಗೆ ತಿರುಗುತ್ತಿದ್ದ ಕಾಲ ಅದು. ಬಂದ ಮೂರನೆಯ ದಿನ ಅವಳು ಬಾಗಿಲಲ್ಲಿ ನಿಂತು, ಪಾಠದ ಪುಸ್ತಕವನ್ನು ಮೂಗಿಗೆ ತಗುಲಿಸಿಕೊಂಡು ಕೂತಿದ್ದ ಹುಡುಗನನ್ನು ನೋಡಿದಳು.

"ಏನೋ ಮರಿ, ಪುಸ್ತಕ ಓದ್ತಿದ್ದೀಯೋ, ಮೂಸ್ತಿದ್ದೀಯೋ?"

ಶಾಲೆಯಲ್ಲಿ ಮೂರು ವರ್ಷ ಯಾರಿಗೂ ಹೊಳೆಯದಿದ್ದದ್ದು ಅವಳಿಗೆ ಮೂರು ದಿನದಲ್ಲಿ ಹೊಳೆಯಿತು. ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಮೈನಸ್ ಏಳು ಎಂದು ಬರೆದುಕೊಟ್ಟರು. ಆ ಚೀಟಿಯನ್ನು ಅವಳು ಅಂಗಡಿಗೆ ಕೊಡಲಿಲ್ಲ. ಮದುವೆಗೆ ಮುಂಚಿನಿಂದಲೂ ತಾನು ದುಡಿಯುತ್ತಿದ್ದ ಕಾರ್ಖಾನೆಯ ಮೇಸ್ತ್ರಿಯ ಕೈಗೇ ನೇರ ಕೊಟ್ಟು, ಎರಡೂ ಗಾಜುಗಳನ್ನು ತನ್ನ ಚಕ್ರಕ್ಕೇ ಹಾಕಿಸಿಕೊಂಡಳು. ಕನ್ನಡಕ ಏರಿಸಿದ ಹುಡುಗ ಮೊದಲು ಎದುರು ಮನೆಯ ಗೋಡೆ ನೋಡಿ, ಇಟ್ಟಿಗೆ ಇಟ್ಟಿಗೆಯ ನಡುವೆ ಗೆರೆಗಳಿವೆ ಎಂದು ಬೆರಗಾದ. ಆಮೇಲೆ ಅಣ್ಣನ ಕಡೆ ತಿರುಗಿ, "ಅಣ್ಣಾ, ನಿನ್ನ ಮೂಗಿನ ಮೇಲೆ ಏನೋ ಹುಳ ಕೂತಿದೆ" ಎಂದ. ಅದು ಹುಟ್ಟಿದಾಗಿನಿಂದ ಇದ್ದ ಮಚ್ಚೆ. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ಅವನು ಅವತ್ತು ಸ್ಪಷ್ಟವಾಗಿ ಕಂಡ.

ಪಾಲಿಶ್ ಹಾಲಿನಲ್ಲಿ ಅವಳನ್ನು ಹೆಬ್ಬೆಟ್ಟಕ್ಕ ಎನ್ನುತ್ತಿದ್ದರು. ಅವಳಿಗೆ ಓದು ಬರಹ ಚೆನ್ನಾಗಿಯೇ ಬರುತ್ತಿತ್ತು. ಹೆಸರು ಬಂದದ್ದು ಕೆಲಸದಿಂದ. ಉಜ್ಜಿದ ಗಾಜನ್ನು ಒಂದು ಹಿಡಿಕೆಗೆ ಅಂಟಿಸಿ, ತಿರುಗುವ ಚಕ್ರದ ಮೇಲಿನ ಒದ್ದೆ ಬಟ್ಟೆಗೆ ಒತ್ತಬೇಕು. ಬಟ್ಟೆಯ ಮೇಲೆ ತಿಳಿಗೆಂಪು ಪುಡಿಯ ನೀರು ತೊಟ್ಟಿಕ್ಕುತ್ತಿರುತ್ತದೆ. ಹೆಚ್ಚು ಒತ್ತಿದರೆ ಗಾಜು ಕಾಯುತ್ತದೆ, ಕಡಿಮೆ ಒತ್ತಿದರೆ ಅಂಚಿನಲ್ಲಿ ಮಸುಕು ಉಳಿಯುತ್ತದೆ. ಎಷ್ಟು ಒತ್ತಬೇಕೆಂದು ಯಾವ ಗಡಿಯಾರವೂ ಹೇಳುವುದಿಲ್ಲ. ಅವಳು ಹಿಡಿಕೆಯ ಬೆನ್ನಿಗೆ ಬಲಗೈಯ ಹೆಬ್ಬೆರಳು ಇಟ್ಟು, ಆ ಬಿಸಿಯನ್ನು ಓದುತ್ತಿದ್ದಳು. ಹೊಸಬರಿಗೆ ಹೇಳಿಕೊಡುವಾಗ, "ಮಗೂಗೆ ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡಲ್ವಾ, ಅಷ್ಟೇ. ಗಾಜಿಗೆ ಜ್ವರ ಬರೋಕೆ ಮುಂಚೆ ಕೈ ಎತ್ತಬೇಕು" ಎನ್ನುತ್ತಿದ್ದಳು. ಅಷ್ಟೇ ಎಂದರೂ ಅದು ಬರಲು ನಾಲ್ಕೈದು ವರ್ಷ ಹಿಡಿಯುತ್ತಿತ್ತು.

ಹಾಲಿನಲ್ಲಿ ಒಂದು ರೂಢಿಯಿತ್ತು. ಹಳಬರು ಕಿಟಕಿ ಸಾಲಿನಲ್ಲಿ ಕೂರುವುದು, ಹೊಸಬರು ಗೋಡೆ ಸಾಲಿನಲ್ಲಿ. ಬೆಳಗ್ಗೆ ಮೇಸ್ತ್ರಿ ಟ್ರೇಗಳನ್ನು ಹಂಚುವಾಗ ಕಡಿಮೆ ನಂಬರಿನ ತೆಳು ಗಾಜುಗಳು ಗೋಡೆ ಸಾಲಿಗೆ ಹೋಗುತ್ತಿದ್ದವು. ಮೈನಸ್ ಆರು, ಎಂಟು, ಹನ್ನೊಂದರ ಆಳ ಬಾಗಿನ ಗಾಜುಗಳು ಕಿಟಕಿ ಸಾಲಿಗೆ. ಆ ಗಾಜುಗಳು ಯಾರ ಕೈಯಲ್ಲಾದರೂ ಹೆಚ್ಚು ಕೆಡುತ್ತವೆ, ಹಳಬರ ಕೈಯಲ್ಲಿ ಸ್ವಲ್ಪ ಕಡಿಮೆ ಕೆಡುತ್ತವೆ. ಇದನ್ನು ಯಾರೂ ಯಾರಿಗೂ ಆಜ್ಞೆ ಮಾಡಿರಲಿಲ್ಲ, ಯಾವ ಕಾಗದದಲ್ಲೂ ಬರೆದಿರಲಿಲ್ಲ. ಗಾಳಿ ಬೀಸುವ ದಿಕ್ಕಿನಂತೆ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದುದನ್ನು ಬರೆದಿಡುವ ಗೋಜಿಗೆ ಯಾರು ಹೋಗುತ್ತಾರೆ?

ಅತ್ತಿಗೆ ಸಂಜೆ ಮನೆಗೆ ಬಂದು ಕೈ ತೊಳೆಯುತ್ತಾ ಹೇಳುತ್ತಿದ್ದಳು: "ಇವತ್ತೂ ಆ ಮೇಸ್ತ್ರಿ ಬರೀ ಸೋಡಾಬುಡ್ಡೀನೇ ತಂದು ಸುರಿದ. ತೆಳ್ಳಗಿರೋದು ಒಂದಾದ್ರೂ ಕೊಡಪ್ಪಾ ಅಂದ್ರೆ, ನಿಮ್ಮ ಕೈಗೆ ಅದು ಅವಮಾನ ಅಕ್ಕಾ ಅಂತಾನೆ. ಬಾಯಿ ಬೆಲ್ಲ ಅವನದು." ಅಣ್ಣ ಊಟದ ತಟ್ಟೆಯಿಂದ ತಲೆಯೆತ್ತದೆ, "ನಂಗೂ ಬಸ್ ಟೈರೇ ಬರೋದು. ಸೈಕಲ್ ಟೈರ್ ಯಾರೂ ತರಲ್ಲ" ಎನ್ನುತ್ತಿದ್ದ. ಮೈದುನ ಪುಸ್ತಕದಲ್ಲಿ ಮುಳುಗಿರುತ್ತಿದ್ದ. ಹೆಂಗಸರ ಗೊಣಗಾಟ, ಸಾಂಬಾರಿನ ಒಗ್ಗರಣೆಯ ಸದ್ದಿನಂತೆ ಕಿವಿಗೆ ಬಿದ್ದು ಹೋಗುತ್ತಿತ್ತು.

ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದು, ಎರಡು ಮೂರು ಕಡೆ ಅಲೆದು, ಕೊನೆಗೆ ಅವನು ಅದೇ ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ ಸೇರಿದ. ಮೊದಲ ದಿನ ಗೇಟಿನ ತನಕ ಜೊತೆಯಲ್ಲೇ ನಡೆದು ಬಂದ ಅತ್ತಿಗೆ, ಗೇಟಿನ ಹತ್ತಿರ ನಿಂತು ಅವನ ಅಂಗಿಯ ಕಾಲರು ಸರಿ ಮಾಡಿದಳು.

"ನೋಡು ಮರಿ, ಈ ಗೇಟು ದಾಟಿದ ಮೇಲೆ ನಾನು ನಿನ್ನ ಅತ್ತಿಗೆ ಅಲ್ಲ. ಹದಿನಾಲ್ಕನೇ ನಂಬರು. ಅತ್ತಿಗೆ ಕಡೆ ವಾಲ್ತಾನೆ ಅಂತ ಒಬ್ಬರ ಬಾಯಲ್ಲೂ ಬರಬಾರದು. ತಿಳೀತಾ?"

"ತಿಳೀತು ಹದಿನಾಲ್ಕನೇ ನಂಬರು" ಎಂದ ಅವನು.

"ಥೂ, ಬಾಯಿ ನೋಡು" ಎಂದು ಬೆನ್ನಿಗೊಂದು ಕೊಟ್ಟಳು.

ಅವಳು ಹೇಳಿದ್ದನ್ನು ಅವನು ಚಾಚೂ ತಪ್ಪದೆ ಪಾಲಿಸಿದ. ಪಾಲಿಸಬಾರದಿದ್ದ ದಿನವೂ ಪಾಲಿಸಿದ.

ಎಲ್ಲವನ್ನೂ ನೂರಕ್ಕೆ ಇಷ್ಟು ಎಂದು ಹೇಳುತ್ತಿದ್ದುದರಿಂದ ಪಾಲಿಶ್ ಹಾಲಿನವರು ಅವನಿಗೆ ಶೇಕಡಾ ಎಂದು ಹೆಸರಿಟ್ಟಿದ್ದರು. ಒಂದು ದಿನ ಮ್ಯಾನೇಜರು ಅವನನ್ನು ಕರೆದು, ನೂರಕ್ಕೆ ಒಂಬತ್ತು ಗಾಜು ತಿರಸ್ಕಾರವಾಗುತ್ತಿದೆ, ಯಾಕೆಂದು ಲೆಕ್ಕ ಹಾಕು ಎಂದರು. ಕಂಪ್ಯೂಟರಿನಲ್ಲಿ ಎರಡು ವರ್ಷದ ದಾಖಲೆಯಿತ್ತು. ಯಾವ ನಂಬರಿನ ಕೆಲಸಗಾರರು, ಯಾವ ಪಾಳಿ, ಯಾವ ಚಕ್ರ, ಯಾವ ಟ್ರೇ, ಎಷ್ಟು ಗಾಜು, ಎಷ್ಟು ತಿರಸ್ಕಾರ. ಅವನು ಪ್ರತಿಯೊಬ್ಬರ ಅನುಭವದ ವರ್ಷಗಳನ್ನು ಅಡ್ಡಗೆರೆಯ ಮೇಲೆ ಹಾಕಿದ, ತಿರಸ್ಕಾರವನ್ನು ನಿಲುವುಗೆರೆಯ ಮೇಲೆ. ಚುಕ್ಕೆಗಳ ನಡುವೆ ಹಾದುಹೋದ ಗೆರೆ ಮೆಲ್ಲಗೆ ಮೇಲಕ್ಕೇರಿತು. ಅನುಭವ ಒಂದು ವರ್ಷ ಹೆಚ್ಚಿದರೆ ತಿರಸ್ಕಾರ ನೂರಕ್ಕೆ ಸೊನ್ನೆ ಬಿಂದು ನಾಲ್ಕು ಹೆಚ್ಚು. ಆ ಸೊನ್ನೆ ಬಿಂದು ನಾಲ್ಕೇ ಗುಣಾಂಕ, ಗೆರೆಯ ಏರಿನ ಅಳತೆ.

ಅವನು ಆತುರಗಾರನಲ್ಲ. ಒಂದು ಕಾರಣ ನೋಡಿ ತೀರ್ಪು ಕೊಡಬಾರದೆಂದು ಕಲಿತವನು. ಪಾಳಿಯ ಕಾಲಂ ಸೇರಿಸಿದ. ಗುಣಾಂಕ ಸೊನ್ನೆ ಬಿಂದು ನಾಲ್ಕು ಒಂದಾಯಿತು. ಚಕ್ರ ಎಷ್ಟು ಹಳೆಯದೆಂಬ ಕಾಲಂ ಸೇರಿಸಿದ. ಸೊನ್ನೆ ಬಿಂದು ಮೂರು ಒಂಬತ್ತು. ವಾರದ ದಿನ ಸೇರಿಸಿದ. ಮತ್ತೆ ನಾಲ್ಕು. ಏನು ಸೇರಿಸಿದರೂ ಜಗ್ಗದ ಸಂಖ್ಯೆ ಗಟ್ಟಿ ಸಂಖ್ಯೆ ಎಂದು ಅವನಿಗೆ ಅನಿಸಿತು. ಜಗ್ಗದಿದ್ದುದಕ್ಕೆ ಬೇರೆಯೇ ಕಾರಣವಿತ್ತು. ಪಾಳಿ ಎಲ್ಲರಿಗೂ ಸರದಿಯಂತೆ ಬರುತ್ತಿತ್ತು, ಹಳೆಯ ಚಕ್ರಗಳು ಎರಡೂ ಸಾಲಿನಲ್ಲಿದ್ದವು, ವಾರದ ದಿನ ಹಳಬರಿಗೂ ಹೊಸಬರಿಗೂ ಒಂದೇ. ಅನುಭವದ ಜೊತೆ ಕೈಹಿಡಿದು ನಡೆಯದ ಕಾಲಂಗಳನ್ನು ಎಷ್ಟು ಸೇರಿಸಿದರೂ ಅನುಭವದ ಗುಣಾಂಕ ಯಾಕೆ ಅಲುಗಾಡಬೇಕು? ಪುಸ್ತಕದಲ್ಲಿ ಓದಿದ ಮಾತೇ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಮಾತೇ. ಕೈಗೆ ಸಿಕ್ಕಿದ ಕಾಲಂಗಳನ್ನೆಲ್ಲ ಸೇರಿಸಿದ್ದೇನೆ ಎನ್ನುವ ಸಮಾಧಾನದಲ್ಲಿ ಅದು ನೆನಪಿಗೆ ಬರಲಿಲ್ಲ.

ಚುಕ್ಕೆಗಳಲ್ಲಿ ಬಲತುದಿಯ, ಮೇಲಿನ ಚುಕ್ಕೆ ಯಾರದೆಂದು ಅವನಿಗೆ ತಿಳಿದಿತ್ತು. ಇಪ್ಪತ್ತಾರು ವರ್ಷ, ನೂರಕ್ಕೆ ಹದಿನಾಲ್ಕು. ಒಂದು ಸಂಜೆ ಅವಳು ತಟ್ಟೆಗೆ ಬಡಿಸುತ್ತಿದ್ದಾಗ, ಕೇಳಿಬಿಡೋಣವೇ ಎಂದು ನಾಲಿಗೆಯ ತುದಿಗೆ ಬಂದಿತ್ತು: ಅತ್ತಿಗೆ, ನಿಮ್ಮ ಟ್ರೇಯಲ್ಲೇ ಯಾಕೆ ಇಷ್ಟು ಹಾಳಾಗುತ್ತೆ? ಕೇಳಿದರೆ ಅದು ವಾಲಿದಂತಾದೀತು. ಲೆಕ್ಕಕ್ಕೆ ಅತ್ತಿಗೆಯಿಲ್ಲ, ಮೈದುನನಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮಜ್ಜಿಗೆ ಕುಡಿದು ಎದ್ದ. ಆ ಕ್ಷಣ ತನ್ನ ಬಗ್ಗೆ ಅವನಿಗೆ ಹೆಮ್ಮೆಯೂ ಆಗಿತ್ತು. ಮುಂದೆ ಅವನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಆ ಹೆಮ್ಮೆ.

ವರದಿ ಓದಿದ ಮ್ಯಾನೇಜರು ಎರಡು ವಾರದಲ್ಲಿ ಕಿಟಕಿ ಸಾಲನ್ನು ಖಾಲಿ ಮಾಡಿಸಿದರು. ಏಳು ಜನ. ಮೂವರು ಕೆಲಸ ಬಿಟ್ಟರು, ನಾಲ್ವರನ್ನು ಪ್ಯಾಕಿಂಗಿಗೆ ಹಾಕಿದರು. ಅವತ್ತು ಸಂಜೆ ಅತ್ತಿಗೆ ಎಂದಿನಂತೆ ಬಂದು ಕೈ ತೊಳೆದಳು. ತಿಳಿಗೆಂಪು ನೀರು ಹರಿಯಲಿಲ್ಲ. "ಇನ್ಮೇಲೆ ಕೂತು ಮಾಡೋ ಕೆಲಸ. ಸೊಂಟಕ್ಕೆ ಒಳ್ಳೇದೇ ಆಯ್ತು" ಎಂದಳು. ಚಕ್ರದ ಮುಂದೆಯೂ ಅವಳು ಕೂತೇ ಇರುತ್ತಿದ್ದಳಲ್ಲ ಎಂದು ಯಾರೂ ಹೇಳಲಿಲ್ಲ. ಅಂದಿನಿಂದ ಊಟದ ಹೊತ್ತಿನಲ್ಲಿ ಮೇಸ್ತ್ರಿಯ ಸುದ್ದಿ ಬರುವುದು ನಿಂತಿತು. ಲಕೋಟೆ ಮಡಚಿ ಮಡಚಿ, ಸ್ಟೇಪ್ಲರ್ ಒತ್ತಿ ಒತ್ತಿ ಅವಳ ಬಲಗೈಯ ಹೆಬ್ಬೆರಳಿನ ಬುಡ ಊದಿಕೊಳ್ಳತೊಡಗಿತು. ಅದಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅಣ್ಣ ಒಂದೆರಡು ಸಲ ತಮ್ಮನ ಮುಖವನ್ನು ಉದ್ದಕ್ಕೆ ನೋಡಿ, ಏನೋ ಹೇಳಲು ಹೊರಟು, ನೀರು ಕುಡಿದ.

ಎರಡು ವರ್ಷ ಕಳೆಯಿತು. ತಿರಸ್ಕಾರ ಒಂಬತ್ತರಿಂದ ಇಳಿಯಲಿಲ್ಲ. ಹದಿಮೂರಕ್ಕೆ ಏರಿತು.

"ನಿನ್ನ ಲೆಕ್ಕದ ಪ್ರಕಾರ ಐದಕ್ಕೆ ಇಳೀಬೇಕಿತ್ತಲ್ಲಯ್ಯಾ" ಎಂದರು ಮ್ಯಾನೇಜರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸೋಜಿಗವಿತ್ತು. ಅದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಯಿತು.

ಅವನು ಎರಡು ವರ್ಷದಲ್ಲಿ ಮೊದಲ ಬಾರಿಗೆ ಪಾಲಿಶ್ ಹಾಲಿನೊಳಕ್ಕೆ ಹೋಗಿ ಮೇಸ್ತ್ರಿಯ ಮೇಜಿನ ಮುಂದೆ ನಿಂತ. ಮೇಸ್ತ್ರಿ ತಲೆಯೆತ್ತಿ, "ಓಹೋ, ಶೇಕಡಾ ಅವರು! ಕಾಗದದಿಂದ ಇಳಿದು ನೆಲದ ಮೇಲೆ ಕಾಲಿಟ್ಟಿದ್ದೀರಿ. ಕಾಲು ಸುಡುತ್ತೆ, ಜೋಕೆ" ಎಂದ.

"ಮೇಸ್ತ್ರಿಗಳೇ, ತಿರಸ್ಕಾರ ಯಾಕೆ ಏರ್ತಿದೆ?"

"ಏರದೆ ಏನು ಮಾಡುತ್ತೆ? ಹನ್ನೊಂದರ ಗಾಜನ್ನ ನಿನ್ನೆ ಮೊನ್ನೆ ಬಂದವರ ಕೈಗೆ ಕೊಟ್ಟರೆ ಇನ್ನೇನಾಗುತ್ತೆ?"

"ಮೊದಲು ಯಾರಿಗೆ ಕೊಡ್ತಿದ್ರಿ?"

ಮೇಸ್ತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ತಮಾಷೆ ಮಾಡ್ತಿದ್ದೀರಾ? ಸೋಡಾಬುಡ್ಡಿ ಎಲ್ಲ ಕಿಟಕಿ ಸಾಲಿಗೆ ಅಲ್ವಾ ಹೋಗ್ತಿದ್ದಿದ್ದು! ನಿಮ್ಮ ಮೂಗಿನ ಮೇಲೆ ಕೂತಿದೆಯಲ್ಲ, ಅದು ಯಾರ ಕೈಯದು, ಯಾಕೆ ಅವರ ಕೈಗೇ ಹೋಯ್ತು ಅಂತ ನಿಮಗೆ ಗೊತ್ತಿಲ್ವಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಿರಿ. ಏಳು ಎಮ್ಮೆಗೆ."

ಅವನ ಕೈ ತಾನಾಗಿಯೇ ಕನ್ನಡಕದ ಕಡ್ಡಿಗೆ ಹೋಯಿತು. "ಯಾವ ಟ್ರೇಯಲ್ಲಿ ಯಾವ ನಂಬರಿನ ಗಾಜಿತ್ತು ಅಂತ ಕಂಪ್ಯೂಟರಲ್ಲಿ ಇಲ್ಲ" ಎಂದ.

"ಕಂಪ್ಯೂಟರಲ್ಲಿ ಇಲ್ಲದಿದ್ರೆ ಜಗತ್ತಲ್ಲೇ ಇಲ್ವಾ?" ಮೇಸ್ತ್ರಿ ಬಗ್ಗಿ ಮೇಜಿನ ಕೆಳಗಿನಿಂದ ಬಿಸ್ಕತ್ತಿನ ತಗಡಿನ ಡಬ್ಬಗಳನ್ನು ಒಂದೊಂದಾಗಿ ಎಳೆದಿಟ್ಟ. ಒಟ್ಟು ಆರು. ಒಳಗೆ ದಾರ ಕಟ್ಟಿದ ಚೀಟಿಗಳ ಕಂತೆಗಳು. ಪ್ರತಿ ಟ್ರೇಯ ಚೀಟಿ, ಅದರಲ್ಲಿ ಗಾಜಿನ ನಂಬರು, ಟ್ರೇ ನಂಬರು, ಕೆಲಸಗಾರರ ನಂಬರು. "ನಾನು ಏನನ್ನೂ ಬಿಸಾಡೋನಲ್ಲ. ಹೆಂಡ್ತಿ ಅದಕ್ಕೇ ಬೈಯ್ತಾಳೆ. ಯಾರಾದ್ರೂ ಬಂದು ಕೇಳ್ತಾರೆ ಅಂತ ಇಟ್ಟಿದ್ದೆ. ಯಾರೂ ಬರಲಿಲ್ಲ."

ಮೂರು ವಾರ ಅವನು ಊಟದ ಬಿಡುವಿನಲ್ಲಿ, ರಜೆಯ ದಿನಗಳಲ್ಲಿ ಆ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸಿದ. ತಿಳಿಗೆಂಪು ಬೆರಳಚ್ಚು ಬಿದ್ದ ಚೀಟಿಗಳು. ಅವುಗಳಲ್ಲಿ ಹದಿನಾಲ್ಕನೇ ನಂಬರಿನ ಮುಂದೆ ಮೈನಸ್ ಎಂಟು, ಮೈನಸ್ ಒಂಬತ್ತೂವರೆ, ಮೈನಸ್ ಹನ್ನೊಂದು. ಮುಗಿಯುವ ಮುಂಚೆಯೇ ಉತ್ತರ ಏನೆಂದು ಅವನಿಗೆ ತಿಳಿದುಹೋಗಿತ್ತು. ಆದರೂ ಕೊನೆಯ ಚೀಟಿಯವರೆಗೂ ಏರಿಸಿದ. ಆಮೇಲೆ ಹಳೆಯ ಲೆಕ್ಕಕ್ಕೆ ಒಂದೇ ಒಂದು ಕಾಲಂ ಸೇರಿಸಿದ, ಗಾಜಿನ ನಂಬರು.

ಅನುಭವದ ಗುಣಾಂಕ ಸೊನ್ನೆ ಬಿಂದು ನಾಲ್ಕರಿಂದ ಇಳಿದು, ಸೊನ್ನೆಯನ್ನೂ ದಾಟಿ, ಮೈನಸ್ ಸೊನ್ನೆ ಬಿಂದು ಮೂರಕ್ಕೆ ಹೋಗಿ ನಿಂತಿತು.

ಮೊದಲಿನ ಗೆರೆ ಸುಳ್ಳು ಹೇಳಿರಲಿಲ್ಲ. ಹಳಬರ ಟ್ರೇಯಲ್ಲಿ ಹೆಚ್ಚು ಗಾಜು ಕೆಟ್ಟಿರುತ್ತದೆಯೇ ಎಂದು ಕೇಳಿದ್ದಕ್ಕೆ ಹೌದು ಎಂದಿತ್ತು. ಅವನು ಅದನ್ನೇ, ಹಳಬರು ಹೆಚ್ಚು ಕೆಡಿಸುತ್ತಾರೆ ಎಂದು ಓದಿ ಹೇಳಿದ್ದ. ಈಗಿನ ಗೆರೆಗೆ ಕೇಳಿದ ಪ್ರಶ್ನೆಯೇ ಬೇರೆ: ಒಂದೇ ನಂಬರಿನ ಗಾಜನ್ನು ಹಳಬರಿಗೂ ಹೊಸಬರಿಗೂ ಕೊಟ್ಟರೆ ಯಾರ ಕೈಯಲ್ಲಿ ಹೆಚ್ಚು ಕೆಡುತ್ತದೆ? ಹೊಸಬರ ಕೈಯಲ್ಲಿ. ಪ್ರತಿ ವರ್ಷದ ಅನುಭವಕ್ಕೂ ನೂರಕ್ಕೆ ಸೊನ್ನೆ ಬಿಂದು ಮೂರರಷ್ಟು ಕಡಿಮೆ ಕೆಡುತ್ತದೆ. ದಪ್ಪ ಗಾಜಿನ ಭಾರವನ್ನೆಲ್ಲ ಅವನು ತನಗರಿವಿಲ್ಲದೆ ಅನುಭವದ ತಲೆಯ ಮೇಲೆ ಹೊರಿಸಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗೋಡೆಯಾಚೆ ಟಪ್ ಎಂದಿತು. ಬಿಡುವು. ಟಪ್.

ಮ್ಯಾನೇಜರು ಎರಡನೆಯ ವರದಿಯನ್ನೂ ಮೊದಲನೆಯದರಷ್ಟೇ ನಂಬಿಕೆಯಿಂದ ಓದಿದರು. "ಹಾಗಾದ್ರೆ ಹಳಬರನ್ನ ವಾಪಸು ಹಾಕೋಣ. ಬರ್ತಾರಾ ಕೇಳು. ಆದರೆ ಎರಡು ವರ್ಷ ಕೈ ಬಿಟ್ಟಿದ್ದಾರೆ. ಒಂದು ಸಲ ಚಕ್ರದ ಮುಂದೆ ಕೂತು ತೋರಿಸಲಿ" ಎಂದರು. ದಾರಿ ಸಿಕ್ಕಿತ್ತು. ಹಾಗಿದ್ದೂ ಅತ್ತಿಗೆಗೆ ಹೇಳಲು ಒಂಬತ್ತು ದಿನ ಹಿಡಿಯಿತು.

ರಜೆಯ ದಿನ ಬೆಳಗ್ಗೆ ಅತ್ತಿಗೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಅವನು ಕ್ಲಿಪ್ಪುಗಳ ಡಬ್ಬಿ ಹಿಡಿದು ಹಿಂದೆ ನಿಂತ.

"ಏನು, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ? ಕ್ಲಿಪ್ ಕೊಡೋಕೆ ಬಂದಿದ್ದೀಯ?"

"ಅತ್ತಿಗೆ, ಒಂದು ಮಾತು ಹೇಳಬೇಕು. ನಿಮ್ಮನ್ನ ಪ್ಯಾಕಿಂಗಿಗೆ ಹಾಕಿದ್ದು ನನ್ನ ವರದಿಯಿಂದ."

"ಗೊತ್ತು." ಅವಳು ಅಂಗಿಯನ್ನು ಜಾಡಿಸಿ ಹಗ್ಗಕ್ಕೆ ಹಾಕಿದಳು. "ಮೊದಲ ದಿನವೇ ಗೊತ್ತಿತ್ತು. ಇಡೀ ಕಾರ್ಖಾನೇಲಿ ಚುಕ್ಕೆ ಹಾಕೋನು ನೀನೊಬ್ಬನೇ ಅಲ್ವಾ?"

"ಆ ಲೆಕ್ಕ ತಪ್ಪು."

ಅವಳ ಕೈ ಹಗ್ಗದ ಮೇಲೆ ನಿಂತಿತು.

ಅವನು ಹೇಳಿದ. ಚೀಟಿಗಳು, ಕಾಲಂ, ಗುಣಾಂಕ ಇಳಿದದ್ದು, ಮೈನಸ್ ಆದದ್ದು. ತಡವರಿಸುತ್ತ, ಹಿಂದುಮುಂದಾಗಿ ಹೇಳಿದ. ಅತ್ತಿಗೆ ಪೂರ್ತಿ ಕೇಳಿ, "ಅಂದ್ರೆ, ಮುರಿದ ಕೊಡೆಗಳೆಲ್ಲ ಕೊಡೆ ರಿಪೇರಿಯೋನ ಅಂಗಡೀಲೇ ಇವೆ, ಹಾಗಾದ್ರೆ ಊರಿನ ಕೊಡೆ ಮುರಿಯೋನು ಇವನೇ ಅಂತ ಹಿಡಿದು ಹಾಕಿದ ಹಾಗಾಯ್ತು" ಎಂದಳು.

"ಹೌದು. ಹಾಗೇ."

"ಇಷ್ಟನ್ನ ಹೇಳೋಕೆ ಇಷ್ಟೊಂದು ಸುತ್ತಿದೆಯಲ್ಲೋ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಿಮಗೆ ಗೊತ್ತಿತ್ತಲ್ಲ ಅತ್ತಿಗೆ, ದಪ್ಪ ಗಾಜೆಲ್ಲ ನಿಮಗೇ ಬರ್ತಿತ್ತು ಅಂತ. ಅವತ್ತೇ ಯಾಕೆ ನನ್ನ ಕಿವಿ ಹಿಂಡಲಿಲ್ಲ?"

ಅತ್ತಿಗೆ ಬಕೆಟ್ಟಿನಿಂದ ಇನ್ನೊಂದು ಬಟ್ಟೆ ತೆಗೆದು, ಹಿಂಡಿದ್ದನ್ನೇ ಮತ್ತೆ ಹಿಂಡಿದಳು. "ಮನೇಲಿ ದಿನಾ ಹೇಳ್ತಿದ್ನಲ್ಲ, ಅದನ್ನೂ ಸೇರಿಸಿರ್ತಾನೆ ಅಂದ್ಕೊಂಡೆ. ನಮ್ಮ ಮರಿ ಅಂಥದ್ದನ್ನ ಬಿಡೋನಲ್ಲ ಅಂತ. ಅದೆಲ್ಲ ಕಳೆದ ಮೇಲೂ ನನ್ನ ಕೈಯೇ ಕೆಟ್ಟಿದೆ ಅಂತ ಬಂದಿದ್ರೆ, ಕೆಟ್ಟೇ ಇರಬೇಕಲ್ಲ. ನಮ್ಮ ಕೈ ಕೆಟ್ಟಿದ್ದು ನಮಗೆ ಗೊತ್ತಾಗುತ್ತಾ?"

ಅವನು ಕ್ಲಿಪ್ಪಿನ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. ಎರಡು ವರ್ಷ ಅವಳು ಲಕೋಟೆಗೆ ಹಾಕುವ ಮುಂಚೆ ಪ್ರತಿ ಗಾಜನ್ನೂ ಬೆಳಕಿಗೆ ಹಿಡಿದು ಹುಡುಕುತ್ತಿದ್ದುದೇನೆಂದು ಈಗ ತಿಳಿಯಿತು. ತನಗಿಂತ ಚೆನ್ನಾಗಿ ಮಾಡುವವರ ಕೈ ಹೇಗಿರುತ್ತದೆಂದು ಅವಳು ಹುಡುಕುತ್ತಿದ್ದಳು. ಅವಳನ್ನು ಚಕ್ರದಿಂದ ಎಬ್ಬಿಸಿದ್ದಷ್ಟೇ ತನ್ನ ತಪ್ಪೆಂದು ಅವನು ಅಂದುಕೊಂಡಿದ್ದ. ಅವಳು ಅವನ ಲೆಕ್ಕವನ್ನು ತನ್ನ ಹೆಬ್ಬೆರಳಿಗಿಂತ ಹೆಚ್ಚು ನಂಬಿದ್ದಳು.

"ಅದಿರಲಿ" ಎಂದಳು ಅವಳು. "ಇನ್ನೊಂದು ಕಾಲಂ ಸೇರಿಸಿದ್ರೆ ಇದೂ ಮತ್ತೆ ತಿರುಗುತ್ತಾ?"

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ತಿರುಗಬಹುದು. ಬಿಟ್ಟುಹೋಗಿರೋದು ಏನೂ ಇಲ್ಲ ಅಂತ ಹೇಳೋಕಾಗಲ್ಲ. ಆದರೆ ಈಗ ಪಾಲಿಶ್ ಹಾಲಿನವರನ್ನೆಲ್ಲ ಕೇಳಿದ್ದೀನಿ. ನೀವು ವಾಪಸು ಬನ್ನಿ ಅತ್ತಿಗೆ. ಮ್ಯಾನೇಜರು ಒಪ್ಪಿದ್ದಾರೆ. ಒಂದು ಸಲ ಕೂತು ತೋರಿಸಿದರೆ ಸಾಕು."

ಅವಳು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಬಲಗೈಯ ಹೆಬ್ಬೆರಳನ್ನು ಮಡಚಿ, ಬಿಡಿಸಿ ನೋಡಿದಳು. "ಕೂರ್ತೀನಿ" ಎಂದಳು. ಆ ಒಂದು ಮಾತಿನಲ್ಲಿ ಅವನು ಎರಡು ವರ್ಷದಿಂದ ಕೇಳದಿದ್ದ ದನಿಯಿತ್ತು.

ಅವಳು ಪಾಲಿಶ್ ಹಾಲಿಗೆ ಕಾಲಿಟ್ಟಾಗ ಬೆಳಗಿನ ಹತ್ತು ಗಂಟೆ. ಕಿಟಕಿ ಪಕ್ಕದ ಚಕ್ರದ ಮುಂದೆ ಕೂತಿದ್ದ ಹೊಸಬಳು ಎದ್ದು, "ಬನ್ನಿ ಹೆಬ್ಬೆಟ್ಟಕ್ಕ" ಎಂದು ಕುರ್ಚಿಯನ್ನು ಒರೆಸಿಕೊಟ್ಟಳು. ಮೇಸ್ತ್ರಿ ಎರಡೂ ಕೈಯಲ್ಲಿ ಟ್ರೇ ಹಿಡಿದು ಬಂದ. "ತೆಳ್ಳಗಿರೋದು ಕೊಡಲಾ ಅಕ್ಕಾ?"

"ಅವಮಾನ ಮಾಡೋಕೆ ಇಷ್ಟು ದೂರ ಕರೆಸಿದೆಯಾ? ಸೋಡಾಬುಡ್ಡಿ ಕೊಡು."

ಇಡೀ ಹಾಲ್ ನಕ್ಕಿತು. ಅವಳು ಏಪ್ರನ್ ಕಟ್ಟಿಕೊಂಡು ಮೈನಸ್ ಒಂಬತ್ತರ ಗಾಜನ್ನು ಚಕ್ರಕ್ಕೆ ಒಡ್ಡಿದಳು. ತಿಳಿಗೆಂಪು ನೀರು ಮಣಿಕಟ್ಟಿನವರೆಗೆ ಸಿಡಿಯಿತು. ಹೆಬ್ಬೆರಳು ಹಿಡಿಕೆಯ ಬೆನ್ನಿನ ಮೇಲಿತ್ತು. ಅವನು ಎರಡು ಹೆಜ್ಜೆ ಹಿಂದೆ ನಿಂತಿದ್ದ. ಮೊದಲ ಗಾಜು ತಪಾಸಣೆಯವಳ ಕಪ್ಪು ಬಟ್ಟೆಯ ಮೇಲೆ ಗೆರೆಯಿಲ್ಲದೆ, ಮಸುಕಿಲ್ಲದೆ, ಇಲ್ಲವೇ ಇಲ್ಲ ಎನ್ನುವಷ್ಟು ತಿಳಿಯಾಗಿ ಕೂತಿತು. ಎರಡನೆಯದೂ ಹಾಗೆಯೇ. ಮೇಸ್ತ್ರಿ ಅವನ ಕಡೆ ತಿರುಗಿ ಹುಬ್ಬು ಹಾರಿಸಿದ.

ಮೂರನೆಯದು ಮೈನಸ್ ಹನ್ನೊಂದು. ಅರ್ಧ ದಾರಿಯಲ್ಲಿ ಅವಳು ಒಮ್ಮೆ ಕೈ ಎತ್ತಿ, ಹೆಬ್ಬೆರಳನ್ನು ಕೊಡವಿ, ಮತ್ತೆ ಒತ್ತಿದಳು. ಮತ್ತೊಮ್ಮೆ ಕೊಡವಿದಳು. ಮುಗಿಸಿ, ಒರೆಸಿ, ತಪಾಸಣೆಯವಳಿಗೆ ಕೊಟ್ಟಳು. ಆಕೆ ದೀಪದ ಕೆಳಗೆ ಹಿಡಿದು, ತಿರುಗಿಸಿ, "ಪಾಸ್ ಅಕ್ಕಾ" ಎಂದಳು. ಹಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮೈದುನನ ಕನ್ನಡಕದ ಒಳಗೆ ಮಂಜು ಕವಿಯಿತು.

"ಕೊಡಿಲ್ಲಿ" ಎಂದಳು ಅತ್ತಿಗೆ. ಗಾಜನ್ನು ಈಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು, ಓರೆ ಮಾಡಿದಳು. ಅಂಚಿನಲ್ಲಿ, ಉಗುರಿನ ಚೂರಿನಷ್ಟು ಜಾಗದಲ್ಲಿ, ಉಸಿರು ಊದಿದಂತೆ ಒಂದು ಮಸುಕು. ಅವಳು ತೋರಿಸಿದ ಮೇಲೂ ಅವನಿಗೆ ಅದು ಕಾಣಲು ಹೊತ್ತು ಹಿಡಿಯಿತು. ಅವಳು ಕೈ ಚಾಚಿ ಆ ಗಾಜನ್ನು ತಿರಸ್ಕಾರದ ಟ್ರೇಯಲ್ಲಿ ಇಟ್ಟಳು.

"ಅತ್ತಿಗೆ, ಅವರು ಪಾಸ್ ಮಾಡಿದಾರಲ್ಲ."

"ನಾನು ಮಾಡಿಲ್ಲ."

"ಮೂರರಲ್ಲಿ ಒಂದು. ಅದೂ ಇದ್ದೂ ಇಲ್ಲದ ಹಾಗೆ."

"ಮೂರನೇದಕ್ಕೇ ಹೆಬ್ಬೆರಳು ಮರಗಟ್ತು ಮರಿ. ಬಿಸಿ ಗೊತ್ತಾಗಲಿಲ್ಲ. ಸುಮ್ಮನೆ ಅಂದಾಜಿಗೆ ಕೈ ಎತ್ತಿದೆ." ಅವಳ ದನಿಯಲ್ಲಿ ದೂರಿರಲಿಲ್ಲ. "ದಿನಕ್ಕೆ ನಲವತ್ತು ಗಾಜು. ಹಾಕಿಕೊಳ್ಳೋನು ರಸ್ತೆ ದಾಟಬೇಕು, ಮಕ್ಕಳು ಓದಬೇಕು."

ಹೊಸಬಳು ಗೋಡೆಗೆ ಒರಗಿ ನಿಂತಿದ್ದಳು.

ಮೈದುನನಿಗೆ ಮಾತು ನಿಲ್ಲಿಸಲು ಧೈರ್ಯವಾಗಲಿಲ್ಲ. ನಿಲ್ಲಿಸಿದರೆ ಎಲ್ಲ ಮುಗಿದುಹೋಗುತ್ತದೆ ಎನಿಸಿತು. "ಮೂರು ಗಾಜಿನಿಂದ ಏನೂ ಹೇಳೋಕಾಗಲ್ಲ ಅತ್ತಿಗೆ. ಕನಿಷ್ಠ ಮೂವತ್ತಾದರೂ ನೋಡಬೇಕು. ಇದು ನಿಮ್ಮ ಕೈಯ ತಪ್ಪಲ್ಲ, ಎರಡು ವರ್ಷ ಕೆಲಸದಿಂದ ದೂರ ಇದ್ದದ್ದರ ಪರಿಣಾಮ. ಅದನ್ನೂ ಲೆಕ್ಕಕ್ಕೆ ತಗೋಬೇಕು. ಚಕ್ರ ಬಿಟ್ಟು ಎಷ್ಟು ದಿನ ಆಯ್ತು ಅಂತ ಒಂದು ಕಾಲಂ ಸೇರಿಸಿದ್ರೆ, ನಿಮ್ಮ ಅನುಭವದ ಗುಣಾಂಕ—"

ಅತ್ತಿಗೆ ಏಪ್ರನ್ ಬಿಚ್ಚಿ, ಮಡಚಿ, ಹೊಸಬಳ ಕೈಗೆ ಕೊಟ್ಟಳು.

"—ನಿಮ್ಮ ಗುಣಾಂಕ ಹಾಗೇ ಉಳಿಯುತ್ತೆ. ಏರೋದು ಬೇರೆ ಕಾಲಂ. ಆ ಕಾಲಂ ನಂದು, ನಾನು ಮಾಡಿದ್ದು. ಅದನ್ನ ಬೇರೆಯಾಗಿ ಬರೀತೀನಿ. ಮ್ಯಾನೇಜರಿಗೆ ಹೇಳಿ ಒಂದು ತಿಂಗಳು ದಿನಕ್ಕೆ ಐದೇ ಐದು ಗಾಜು ಅಂತ ಶುರು ಮಾಡಿದ್ರೆ—"

ಅವಳು ಸಾಲುಗಳ ನಡುವಿನ ಒದ್ದೆ ನೆಲವನ್ನು ನೋಡಿಕೊಂಡು, ಕಾಲು ಜಾರದಂತೆ ನಿಧಾನವಾಗಿ, ಪ್ಯಾಕಿಂಗ್ ಕೋಣೆಯ ಬಾಗಿಲ ಕಡೆ ನಡೆದು ಹೋಗುತ್ತಿದ್ದಳು.